ನಂಬಿಕೆ ಹೇಳಿದ್ದಕ್ಕೆ ಕೆಲಸದಲ್ಲಿ ದೂರು ಬಂದರೆ: ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ

ನಾನು ಹಾಸನದವಳು. ಇಂಗ್ಲೆಂಡಿಗೆ ಬಂದು 19 ವರ್ಷ ಆಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅದರ ಜೊತೆಗೆ 11 ವರ್ಷದಿಂದ ಯೂನಿಯನ್ ರೆಪ್ ಆಗಿದ್ದೇನೆ. ಅಂದರೆ ಕೆಲಸದಲ್ಲಿ ಯಾರಿಗಾದರೂ ನೋಟಿಸ್ ಬಂದರೆ, ವಿಚಾರಣೆಯ ದಿನ ಅವರ ಪಕ್ಕದ ಕುರ್ಚಿಯಲ್ಲಿ ಕೂರುವವಳು.

ತಡವಾಗಿ ಬಂದದ್ದು, ರಜೆ ಜಾಸ್ತಿ ಹಾಕಿದ್ದು, ಮ್ಯಾನೇಜರ್ ಜೊತೆ ಜಗಳ ಆಡಿದ್ದು, ಇಂಥವೇ ಹೆಚ್ಚು. ಆದರೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ದೂರು ನನ್ನ ಹತ್ತಿರ ಬರುತ್ತಿದೆ. ಯಾರೋ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅಥವಾ ಊಟದ ಹೊತ್ತಿನ ಮಾತಿನಲ್ಲಿ ಸಲಿಂಗ ಪ್ರೀತಿ ಬಗ್ಗೆ, ಸಲಿಂಗ ಮದುವೆ ಬಗ್ಗೆ ತಮ್ಮ ಧರ್ಮ ಏನು ಹೇಳುತ್ತದೋ ಅದನ್ನು ಹೇಳಿರುತ್ತಾರೆ. ಮರುದಿನ ಅದು ಸ್ಕ್ರೀನ್‌ಶಾಟ್ ಆಗಿ ಎಚ್‌ಆರ್ ಮೇಜಿನ ಮೇಲಿರುತ್ತದೆ. ಹೇಳಿದವರು ಕ್ರೈಸ್ತರಿರಬಹುದು, ಮುಸ್ಲಿಮರಿರಬಹುದು, ನಮ್ಮ ಹಿಂದೂ ಮನೆಗಳ ಹಿರಿಯರೂ ಇರಬಹುದು. ಹೆದರಿಕೆ ಮಾತ್ರ ಎಲ್ಲರದ್ದೂ ಒಂದೇ ತರಹ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ನಂಬಿಕೆ ನನಗಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಸಲಿಂಗಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧ ಇನ್ನು ಅಪರಾಧವಲ್ಲ ಅಂತ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಾಗ ಅವನು ಫೋನ್ ಮಾಡಿ ಅತ್ತಿದ್ದ. ನಾನೂ ಅತ್ತಿದ್ದೆ. ಹಾಗಿದ್ದರೂ ನಂಬಿಕೆ ಹೇಳಿದ್ದಕ್ಕೆ ಒಬ್ಬರ ಅನ್ನ ಕಿತ್ತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಈ ಎರಡೂ ನನ್ನೊಳಗೆ ಒಟ್ಟಿಗೇ ಇವೆ, ಅದರಲ್ಲಿ ನನಗೆ ಯಾವ ತೊಡಕೂ ಕಂಡಿಲ್ಲ.

ಇಲ್ಲಿ ಬರೆದಿರುವುದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುವವರಿಗೆ. ಉತ್ತರ ಐರ್ಲೆಂಡಿನ ಕಾನೂನು ಬೇರೆ. ನಾನು ವಕೀಲಳಲ್ಲ, ಪಕ್ಕದ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತಿದ್ದೇನೆ.

ಮೊದಲ ರಾತ್ರಿ

ಎರಡು ವರ್ಷದ ಹಿಂದೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಉಡುಪಿ ಕಡೆಯ ಹುಡುಗಿ, ಸಿಎಸ್‌ಐ ಚರ್ಚಿನವಳು. ವೃದ್ಧರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮಿನಲ್ಲಿ ಕೆಲಸ. ಇಬ್ಬರು ಮಕ್ಕಳು, ಗಂಡ, ಎಲ್ಲರ ವೀಸಾ ಇವಳ ಕೆಲಸದ ಮೇಲೆ ನಿಂತಿದೆ. "ಅಕ್ಕಾ, ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ" ಅಂದಳು. ಮುಂದೆ ಮಾತು ಬರಲಿಲ್ಲ.

ಆಗಿದ್ದು ಇಷ್ಟು. ಜೂನ್ ತಿಂಗಳು. ಪ್ರೈಡ್ ತಿಂಗಳು ಅಂತ ಕೇರ್ ಹೋಮಿನ ಬಾಗಿಲ ಹತ್ತಿರ ಕಾಮನಬಿಲ್ಲಿನ ಬಾವುಟ ಕಟ್ಟಿದ್ದರು. ಇವಳು ಅದರ ಫೋಟೋ ತೆಗೆದು, ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಸ್ಟೇಟಸ್ ಹಾಕಿದ್ದಳು. ಸಹೋದ್ಯೋಗಿ ಒಬ್ಬ ಅದನ್ನು ನೋಡಿ ಫೋನಿನಲ್ಲೇ ಇಂಗ್ಲಿಷಿಗೆ ಅನುವಾದ ಮಾಡಿಕೊಂಡ. ಅವನು ಸಲಿಂಗಿ. ದೂರು ಕೊಟ್ಟ.

ನನಗೆ ಫೋನ್ ಮಾಡುವ ಹೊತ್ತಿಗೆ ಅವಳು ಮೂರು ತಪ್ಪು ಮಾಡಿ ಆಗಿತ್ತು. ಸ್ಟೇಟಸ್ ಅಳಿಸಿದ್ದಳು. ದೂರು ಕೊಟ್ಟವನಿಗೆ ಉದ್ದನೆಯ ಮೆಸೇಜ್ ಬರೆದಿದ್ದಳು. ಮ್ಯಾನೇಜರಿಗೆ "ನನ್ನದು ತಪ್ಪಾಯಿತು, ನಾನು ಹಾಗೆಲ್ಲ ನಂಬುವುದಿಲ್ಲ" ಅಂತ ಮೇಲ್ ಕಳಿಸಿದ್ದಳು. ಮೂರನೆಯದೇ ದೊಡ್ಡದು. ಆಮೇಲೆ ಅದನ್ನು ಬಿಡಿಸುವುದಕ್ಕೆ ನಮಗೆ ಬಹಳ ಕಷ್ಟ ಆಯಿತು.

ಹಾಗಾಗಿ ಮೊದಲ ರಾತ್ರಿ ಫೋನ್ ಕೆಳಗಿಡಿ. ಇಡುವ ಮುಂಚೆ ಒಂದೇ ಕೆಲಸ ಮಾಡಿ. ನೀವು ಬರೆದದ್ದು ಹೇಗಿತ್ತೋ ಹಾಗೇ, ದಿನ ಮತ್ತು ಗಂಟೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿ ಹೋಗಿಬಿಡುತ್ತದೆ. ಆಮೇಲೆ ದೂರಿನ ಜೊತೆ ಬಂದ ಪ್ರತಿ ಮಾತ್ರ ಉಳಿಯುವುದು. ಸ್ಕ್ರೀನ್‌ಶಾಟ್ ಇಟ್ಟುಕೊಂಡ ಮೇಲೆ, ಕಂಪನಿಯವರು ತೆಗೆಯಲು ಹೇಳಿದರೆ ತೆಗೆಯಿರಿ.

ದೂರು ಕೊಟ್ಟವರಿಗೆ ಏನೂ ಬರೆಯಬೇಡಿ. ನೀವು ಸಮಾಧಾನ ಮಾಡಲು ಬರೆದರೂ, ಒತ್ತಡ ಹಾಕಲು ಬರೆದ ಹಾಗೆ ಓದಿಸಿಕೊಳ್ಳುತ್ತದೆ. ಮ್ಯಾನೇಜರಿಗೆ ಎರಡೇ ಸಾಲು ಸಾಕು: ಪತ್ರ ತಲುಪಿದೆ, ಯೂನಿಯನ್ ಜೊತೆ ಮಾತಾಡಿ ಉತ್ತರ ಕೊಡುತ್ತೇನೆ. ರಾಜೀನಾಮೆ ಕೊಡಬೇಡಿ. "ನೀನೇ ಬಿಟ್ಟುಹೋದರೆ ರೆಕಾರ್ಡಿನಲ್ಲಿ ಏನೂ ಇರುವುದಿಲ್ಲ" ಅಂತ ಯಾರಾದರೂ ಮೆತ್ತಗೆ ಹೇಳಿದರೆ, ಅದನ್ನು ಯಾರು, ಯಾವಾಗ ಹೇಳಿದರು ಅಂತ ಬರೆದಿಟ್ಟುಕೊಳ್ಳಿ.

ಸಸ್ಪೆಂಡ್ ಅಂದರೆ ಕೆಲಸ ಹೋಯಿತು ಅಂತ ಅಲ್ಲ, ಶಿಕ್ಷೆಯೂ ಅಲ್ಲ. ಸಾಮಾನ್ಯವಾಗಿ ಸಂಬಳ ಬರುತ್ತಲೇ ಇರುತ್ತದೆ. ಇದನ್ನು ಆ ಹುಡುಗಿಗೆ ನಾಲ್ಕು ಸಲ ಹೇಳಿದ ಮೇಲೆ ಅವಳು ಉಸಿರು ಬಿಟ್ಟಳು.

ಇದು, ಇವರು

ಎರಡು ದಿನ ಬಿಟ್ಟು ಅವಳ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಪತ್ರ ಹರಡಿಕೊಂಡು ಕೂತೆವು. ದೂರಿನ ಜೊತೆ ಆ ಸಾಲುಗಳ ಇಂಗ್ಲಿಷ್ ಅನುವಾದ ಇತ್ತು. ಕನ್ನಡದಲ್ಲಿ ಹೇಳುವುದಾದರೆ ಅದರ ಅರ್ಥ ಹೀಗೆ: "ಇದು ದೇವರ ಚಿತ್ತವಲ್ಲ. ನಮ್ಮ ಮಕ್ಕಳನ್ನು ಇವರಿಂದ ಕಾಪಾಡು."

ಓದಿ ನನ್ನ ಮೈ ಬಿಸಿಯಾಯಿತು. ಮಕ್ಕಳನ್ನು ಇವರಿಂದ ಕಾಪಾಡು ಅನ್ನುವುದು ಸಲಿಂಗಿಗಳ ಮೇಲೆ ಬಹಳ ಕಾಲದಿಂದ ಹೊರಿಸುತ್ತಾ ಬಂದಿರುವ ಅಪವಾದ. ಅದನ್ನು ಕೇಳಿಸಿಕೊಂಡೇ ದೊಡ್ಡವನಾದವನು ದೂರು ಕೊಡದೆ ಇನ್ನೇನು ಮಾಡುತ್ತಾನೆ? ನನ್ನ ಅಕ್ಕನ ಮಗನ ಮುಖ ಕಣ್ಣ ಮುಂದೆ ಬಂತು.

"ನೀನು ಹೀಗೆ ಬರೆದೆಯಾ?" ಅಂತ ಕೇಳಿದೆ.

"ಇಲ್ಲಕ್ಕಾ. ಇವರಿಂದ ಅಂತ ನಾನು ಯಾಕೆ ಬರೀಲಿ?"

ಅಳಿಸಿದ್ದರಿಂದ ಮೂಲ ಅವಳ ಹತ್ತಿರ ಇರಲಿಲ್ಲ. ಊರಲ್ಲಿದ್ದ ಅವಳ ನಾದಿನಿ ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದಳು, ಕೆಳಗೆ ಆಮೆನ್ ಅಂತ ಬರೆದು ತನ್ನ ಸ್ಟೇಟಸ್ಸಿಗೆ ಹಾಕಲು. ಅದನ್ನು ತರಿಸಿ ನೋಡಿದೆವು. "ಇದು ದೇವರ ಚಿತ್ತವಲ್ಲ. ನಮ್ಮ ಮಕ್ಕಳನ್ನು ಇದರಿಂದ ಕಾಪಾಡಪ್ಪಾ ತಂದೆಯೇ." ಇದರಿಂದ. ಫೋನಿನ ಅನುವಾದ ಅದನ್ನು ಇವರಿಂದ ಮಾಡಿಬಿಟ್ಟಿತ್ತು.

ಒಂದು ಅಕ್ಷರದ ವ್ಯತ್ಯಾಸ. ಆದರೆ ಇಂಥ ಕೇಸುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದು ಅಕ್ಷರದಲ್ಲೇ ಇರುತ್ತದೆ ಅಂತ ನಾನು ಕಂಡುಕೊಂಡಿದ್ದೇನೆ. ಇದು ಸರಿಯಲ್ಲ ಅಂತ ನನ್ನ ಧರ್ಮ ಹೇಳುತ್ತದೆ ಅನ್ನುವುದು ಒಂದು ಮಾತು. ಇವರು ಕೆಟ್ಟವರು ಅನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಇಲ್ಲಿನ ಕಾನೂನು ಜಾಗ ಕೊಟ್ಟಿದೆ. ಎರಡನೆಯದು ಎದುರಿಗಿರುವ ಮನುಷ್ಯನಿಗೆ ತಾಗುತ್ತದೆ, ಅದನ್ನು ಕೆಲಸದ ಜಾಗದಲ್ಲಿ ಯಾರೂ ಸಹಿಸಬೇಕಾಗಿಲ್ಲ. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೋಲಾವ್ 2019ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದು ಒಂದು ಪಟ್ಟಿ. ಕುಡುಕರು, ಕಳ್ಳರು, ಸಲಿಂಗಿಗಳು ಅಂತ ಜನರನ್ನೇ ಸಾಲಾಗಿ ಹೆಸರಿಸಿ ನಿಮಗೆ ನರಕ ಕಾದಿದೆ ಅಂದಿದ್ದ. ಅವನ ಕೆಲಸ ಹೋಯಿತು, ದೇಶವೇ ಎರಡು ಪಾಲಾಯಿತು, ವರ್ಷದ ಕೊನೆಗೆ ರಾಜಿ ಆಯಿತು. ಅವನು ನಂಬುವುದನ್ನು ನಂಬುವವರು ಎಷ್ಟೋ ಜನ ಇದ್ದಾರೆ, ಆದರೆ ಆ ಪಟ್ಟಿಯನ್ನು ಓದಿದ ಒಬ್ಬ ಹದಿಹರೆಯದ ಹುಡುಗನಿಗೆ ಅದು ಹೇಗೆ ಕೇಳಿಸುತ್ತದೆ ಅಂತ ಅವರೂ ಒಮ್ಮೆ ಯೋಚಿಸಬೇಕು.

ಹಾಗಾಗಿ ನೀವು ಬರೆದದ್ದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಪದ ನೋಡಿ. ಎಲ್ಲಿ ಇದು ಅಂದಿದ್ದೀರಿ, ಎಲ್ಲಿ ಇವರು ಅಂದಿದ್ದೀರಿ? ಇವರು ಅಂದಿದ್ದರೆ ಅದನ್ನು ಸಮರ್ಥಿಸಿಕೊಳ್ಳಲು ಹೋಗಬೇಡಿ, ಆ ಪದಕ್ಕೆ ಕ್ಷಮೆ ಕೇಳಿ. ಇದು ಅಂದಿದ್ದರೆ ಅದನ್ನು ಗಟ್ಟಿಯಾಗಿ ಹೇಳಿ.

ಕನ್ನಡದಲ್ಲೋ ತುಳುವಿನಲ್ಲೋ ಬರೆದಿದ್ದರೆ, ಅನುವಾದವನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ವೃತ್ತಿಪರ ಅನುವಾದಕರಿಂದ ಮಾಡಿಸಿ ಅಂತ ಲಿಖಿತವಾಗಿ ಕೇಳಿ. ನಮ್ಮ ಚರ್ಚಿನ ಭಾಷೆ, ಪ್ರಾರ್ಥನೆಯ ಭಾಷೆ ಫೋನಿಗೆ ಅರ್ಥ ಆಗುವುದಿಲ್ಲ. ನೀವೇ ಅನುವಾದ ಮಾಡಿಕೊಡಿ ಅಂತ ಆ ಹುಡುಗಿ ಕೇಳಿದಳು, ನಾನು ಮಾಡಲಿಲ್ಲ. ಪಕ್ಕದಲ್ಲಿ ಕೂರುವವಳು ಅನುವಾದವನ್ನೂ ಮಾಡಿದರೆ ಅದಕ್ಕೆ ಬೆಲೆ ಇರುವುದಿಲ್ಲ.

ಆ ರಾತ್ರಿ ಹೆಸರು, ಊರು ಏನೂ ಹೇಳದೆ ಆ ಎರಡು ಸಾಲನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಚಿಕ್ಕಮ್ಮ, ಇದರಿಂದ ಅಂದ್ರೂ ನೋವಾಗುತ್ತೆ. ಅವರು ನನ್ನನ್ನು ಬಿಟ್ಟು ನನ್ನ ಪ್ರೀತಿಗೆ ಬೈದ ಹಾಗಾಯ್ತು ಅಷ್ಟೇ" ಅಂದ. ಮತ್ತೆ, "ಆದ್ರೆ ಕೆಲಸದಿಂದ ತೆಗೆಯೋದು ಬೇಡ" ಅಂದ. ಇದನ್ನು ಆ ಹುಡುಗಿಗೂ ಹೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳಬೇಕಿತ್ತು.

ಕಾನೂನು ಎಲ್ಲಿ ನಿಂತಿದೆ

2010ರ ಸಮಾನತೆ ಕಾಯ್ದೆ ಒಂಬತ್ತು ಗುಣಗಳಿಗೆ ರಕ್ಷಣೆ ಕೊಡುತ್ತದೆ. ಧರ್ಮ ಮತ್ತು ನಂಬಿಕೆ ಅದರಲ್ಲಿ ಒಂದು. ಲೈಂಗಿಕ ಒಲವು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಸಮ ಇವೆ. ದೂರು ಕೊಟ್ಟವರಿಗೂ ಹಕ್ಕಿದೆ, ನಿಮಗೂ ಇದೆ.

ನೀವು ತಿಳಿದಿರಬೇಕಾದ ತೀರ್ಪು ಕ್ರಿಸ್ಟಿ ಹಿಗ್ಸ್ ಅವರದ್ದು. ಗ್ಲಾಸ್ಟರ್‌ಶೈರಿನ ಒಂದು ಶಾಲೆಯಲ್ಲಿ ಮಕ್ಕಳ ನೆರವಿಗೆ ಇದ್ದ ಸಿಬ್ಬಂದಿ. 2018ರಲ್ಲಿ ಪ್ರಾಥಮಿಕ ಶಾಲೆಯಲ್ಲಿ ಸಲಿಂಗ ಸಂಬಂಧ, ಲಿಂಗ ಬದಲಾವಣೆ ಬಗ್ಗೆ ಕಲಿಸುವುದನ್ನು ವಿರೋಧಿಸುವ ಪೋಸ್ಟುಗಳನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಹೆಸರು ಹೇಳದ ಯಾರೋ ಶಾಲೆಗೆ ದೂರು ಕೊಟ್ಟರು. 2019ರ ಜನವರಿಯಲ್ಲಿ ಕೆಲಸ ಹೋಯಿತು. ಆರು ವರ್ಷ ಕೋರ್ಟು ಅಲೆದರು. 2025ರ ಫೆಬ್ರವರಿ 12ರಂದು ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಆ ಪೋಸ್ಟುಗಳ ಭಾಷೆ ಚೆನ್ನಾಗಿತ್ತು ಅಂತ ಕೋರ್ಟು ಹೇಳಲಿಲ್ಲ. ಆದರೆ ಹೆಚ್ಚಿನವು ಬೇರೆಯವರ ಮಾತು, ಕೆಲಸದ ಜಾಗದಲ್ಲಿ ಹೇಳಿದ್ದಲ್ಲ, ಮಕ್ಕಳ ಜೊತೆ ಅವರು ಭೇದ ಮಾಡಿದ್ದಕ್ಕೆ ಯಾವ ಸುಳಿವೂ ಇಲ್ಲ. ಹಾಗಿರುವಾಗ ಕೆಲಸದಿಂದಲೇ ತೆಗೆದದ್ದು ಅತಿಯಾಯಿತು ಅಂದಿತು.

ಫೆಲಿಕ್ಸ್ ಎನ್‌ಗೋಲೆ ಶೆಫೀಲ್ಡಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ವಿದ್ಯಾರ್ಥಿ. ಬೈಬಲ್ ಆಧರಿಸಿ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಕೋರ್ಸಿನಿಂದ ಹೊರಗೆ ಹಾಕಿದರು. 2019ರ ಜುಲೈನಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ನಂಬಿಕೆ ಹೇಳಿದ ಮಾತ್ರಕ್ಕೆ ಮುಂದೆ ಭೇದ ಮಾಡುತ್ತಾರೆ ಅಂತ ಅಂದುಕೊಳ್ಳಲಾಗದು ಅನ್ನುವುದು ಅದರ ಸಾರ.

ಗೆದ್ದರೂ ಕೈಗೆ ಬರುವುದು ಎಷ್ಟು ಅನ್ನುವುದಕ್ಕೆ ವಸತಿ ಸಂಸ್ಥೆಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಏಡ್ರಿಯನ್ ಸ್ಮಿತ್ ಅವರ ಕೇಸು ನೋಡಿ. ಚರ್ಚಿನಲ್ಲಿ ಸಲಿಂಗ ಮದುವೆ ಅನ್ನುವುದು ಸಮಾನತೆಯ ಹೆಸರಲ್ಲಿ ಒಂದು ಹೆಜ್ಜೆ ಜಾಸ್ತಿ ಆಯಿತು ಅನ್ನುವ ಅರ್ಥದಲ್ಲಿ ಅವರು 2011ರಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದರು. ಬಹಳ ಮೆತ್ತಗಿನ ಮಾತು. ಹಿಂಬಡ್ತಿ ಕೊಟ್ಟರು, ಸಂಬಳ 40% ಕಡಿಮೆ ಆಯಿತು. 2012ರಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅವರು ಹಾಕಿದ ಬಗೆಯ ಕೇಸಿನಲ್ಲಿ ಸಿಕ್ಕ ಪರಿಹಾರ 100 ಪೌಂಡಿಗೂ ಕಡಿಮೆ. ಕೆಲಸದ ತಕರಾರು ಕೇಳುವ ನ್ಯಾಯಮಂಡಳಿಗೆ, ಅಂದರೆ ಟ್ರಿಬ್ಯೂನಲ್ಲಿಗೆ, ಹೋಗುವ ಅವಧಿ ಅವರ ಕೈ ತಪ್ಪಿತ್ತು. ದಿನಾಂಕದ ಬಗ್ಗೆ ಮುಂದೆ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಸೋತವರೂ ಇದ್ದಾರೆ, ಅವರ ಕತೆಯೂ ಗೊತ್ತಿರಲಿ. ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ರಿಜಿಸ್ಟ್ರಾರ್ ಆಗಿದ್ದ ಲಿಲಿಯನ್ ಲಡೇಲ್ ಸಲಿಂಗ ಜೋಡಿಗಳ ನೋಂದಣಿ ಮಾಡುವುದಿಲ್ಲ ಅಂದರು. ಗ್ಯಾರಿ ಮೆಕ್‌ಫರ್ಲೇನ್ ಅನ್ನುವ ಸಲಹೆಗಾರರು ಅಂಥ ಜೋಡಿಗಳಿಗೆ ಲೈಂಗಿಕ ಸಲಹೆ ಕೊಡಲು ಒಪ್ಪಲಿಲ್ಲ. 2013ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಇಬ್ಬರೂ ಸೋತರು. ನಂಬಿಕೆ ಹೇಳುವುದಕ್ಕೂ, ನಂಬಿಕೆ ಹೆಸರಲ್ಲಿ ಸೇವೆ ಕೊಡದಿರುವುದಕ್ಕೂ ಇರುವ ಗೆರೆ ಇದು. ನಿಮ್ಮ ಕೆಲಸ ಮಾಡಿ, ಎಲ್ಲರಿಗೂ ಮಾಡಿ. ಅದರಲ್ಲಿ ಸಡಿಲ ಮಾಡಿದರೆ ನಾನು ಪಕ್ಕದಲ್ಲಿ ಕೂತರೂ ಪ್ರಯೋಜನವಿಲ್ಲ. ಪ್ರಯೋಜನ ಆಗಬೇಕು ಅಂತಲೂ ನನಗೆ ಅನಿಸುವುದಿಲ್ಲ.

ಕಾಗದ, ದಿನಾಂಕ, ವೀಸಾ

ಒಂದು ನೋಟ್‌ಬುಕ್ ತನ್ನಿ. ಏನಾಯಿತು, ಯಾರು ಏನಂದರು, ಯಾವ ದಿನ, ಎಷ್ಟು ಗಂಟೆ, ಎಲ್ಲವನ್ನೂ ಅದೇ ದಿನ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನೆನಪು ಸರಿಯಾಗಿ ಬರುತ್ತದೆ.

ಟ್ರಿಬ್ಯೂನಲ್ಲಿಗೆ ಹೋಗಲು ಹಳೆಯ ಲೆಕ್ಕ 3 ತಿಂಗಳಿಗೆ 1 ದಿನ ಕಡಿಮೆ. ಘಟನೆ ನಡೆದ ದಿನದಿಂದ ಎಣಿಕೆ. ಅಷ್ಟರೊಳಗೆ ಏಕಾಸ್ ಅನ್ನುವ ಸರ್ಕಾರಿ ಸಂಸ್ಥೆಗೆ ತಿಳಿಸಿ ರಾಜಿ ಪ್ರಕ್ರಿಯೆ ಶುರು ಮಾಡಬೇಕು. ಈ ಅವಧಿಯನ್ನು 6 ತಿಂಗಳಿಗೆ ಏರಿಸುವ ಕಾಯ್ದೆ 2025ರಲ್ಲಿ ಪಾಸಾಗಿದೆ. ನಿಮ್ಮ ದಿನಾಂಕಕ್ಕೆ ಯಾವ ಲೆಕ್ಕ ಅಂತ ಏಕಾಸ್ ಸಹಾಯವಾಣಿಗೇ ಫೋನ್ ಮಾಡಿ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ಚಿಕ್ಕ ಅವಧಿಯನ್ನೇ ಹಿಡಿಯಿರಿ. ಒಳಗಿನ ವಿಚಾರಣೆ, ಅಪೀಲು ನಡೆಯುತ್ತಿದೆ ಅಂದರೂ ಈ ಗಡಿಯಾರ ನಿಲ್ಲುವುದಿಲ್ಲ. ಆ ಹುಡುಗಿಯ ಫ್ರಿಜ್ಜಿನ ಮೇಲೆ, ಮಕ್ಕಳ ಶಾಲೆಯ ಟೈಮ್‌ಟೇಬಲ್ ಪಕ್ಕ, ಕೊನೆಯ ದಿನಾಂಕವನ್ನು ಕೆಂಪು ಪೆನ್ನಿನಲ್ಲಿ ಬರೆದು ಅಂಟಿಸಿದ್ದೆ.

ಸರಿಯಾದ ಕಾರಣವಿಲ್ಲದೆ ತೆಗೆದರು ಅನ್ನುವ ಕೇಸಿಗೆ ಇಂತಿಷ್ಟು ಕಾಲ ಕೆಲಸ ಮಾಡಿರಬೇಕು ಅನ್ನುವ ನಿಯಮ ಇದೆ. ತಾರತಮ್ಯದ ಕೇಸಿಗೆ ಅದು ಇಲ್ಲ. ಕೆಲಸಕ್ಕೆ ಸೇರಿ ಒಂದು ವಾರ ಆಗಿದ್ದರೂ ಹಕ್ಕಿದೆ.

ನಿಮ್ಮ ಬಗ್ಗೆ ಕಂಪನಿಯ ಹತ್ತಿರ ಏನೇನು ಬರೆದದ್ದು ಇದೆ, ಮೇಲ್‌ಗಳೂ ಸೇರಿ, ಅದರ ಪ್ರತಿ ಕೇಳುವ ಹಕ್ಕೂ ಇದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು. ಮೊದಲ ವಾರದಲ್ಲೇ ಕೇಳಿಬಿಡಿ.

ವೀಸಾ ಬಗ್ಗೆ ನಮ್ಮವರಿಗೆ ಇರುವಷ್ಟು ಹೆದರಿಕೆ ಇನ್ನು ಯಾವುದಕ್ಕೂ ಇಲ್ಲ, ಅದು ನ್ಯಾಯವೇ. ಸ್ಪಾನ್ಸರ್ ವೀಸಾದಲ್ಲಿದ್ದವರ ಕೆಲಸ ಹೋದರೆ ಕಂಪನಿ ವೀಸಾ ನೋಡಿಕೊಳ್ಳುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸುತ್ತದೆ. ಆಮೇಲೆ ಸಾಮಾನ್ಯವಾಗಿ 60 ದಿನ ಉಳಿಸಿ ವೀಸಾ ಮೊಟಕು ಮಾಡುತ್ತಾರೆ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು. ಈ 60 ದಿನದ ಭಯದಿಂದಲೇ ನಮ್ಮವರು ಹೇಳದ ಮಾತನ್ನು ಹೇಳಿದೆ ಅಂತ ಒಪ್ಪಿಕೊಂಡು ಸಹಿ ಹಾಕುತ್ತಾರೆ. ಸಂಬಳ ಕೊಟ್ಟು ಸಸ್ಪೆಂಡ್ ಮಾಡಿರುವಾಗ ನೀವು ಇನ್ನೂ ಕೆಲಸದಲ್ಲೇ ಇದ್ದೀರಿ. ಯಾವ ಕಾಗದಕ್ಕೂ ಅದೇ ದಿನ ಸಹಿ ಹಾಕಬೇಡಿ. ವೀಸಾ ವಿಚಾರವನ್ನು ವೀಸಾ ಸಲಹೆಗಾರರ ಹತ್ತಿರವೇ ಕೇಳಿ, ವಾಟ್ಸಾಪ್ ಗ್ರೂಪಿನಲ್ಲಿ ಬೇಡ.

ವಿಚಾರಣೆಯ ಕೋಣೆಯಲ್ಲಿ

ಶಿಸ್ತು ವಿಚಾರಣೆಗೆ ಒಬ್ಬರನ್ನು ಜೊತೆಗೆ ಕರೆದೊಯ್ಯುವ ಹಕ್ಕು 1999ರ ಕಾಯ್ದೆಯಲ್ಲಿದೆ. ಯೂನಿಯನ್ನಿನವರು ಅಥವಾ ಸಹೋದ್ಯೋಗಿ. ಗಂಡನನ್ನೋ ಪಾಸ್ಟರನ್ನೋ ಕರೆದೊಯ್ಯುವ ಹಕ್ಕು ಅದರಲ್ಲಿ ಇಲ್ಲ. ಜೊತೆಗೆ ಬಂದವರು ನಿಮ್ಮ ಪರ ಮಾತಾಡಬಹುದು, ನಡುವೆ ನಿಮ್ಮ ಜೊತೆ ಚರ್ಚೆ ಮಾಡಬಹುದು. ನಿಮಗೆ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ನೀವೇ ಕೊಡಬೇಕು. ಅವರಿಗೆ ಆ ದಿನ ಆಗದಿದ್ದರೆ 5 ಕೆಲಸದ ದಿನಗಳೊಳಗೆ ಬೇರೆ ದಿನ ಕೇಳಬಹುದು.

ಹಾಗಾಗಿ ಮನೆಯಲ್ಲೇ ಉತ್ತರ ಅಭ್ಯಾಸ ಮಾಡಿ. ಅವರು ಕೇಳಿಯೇ ಕೇಳುವ ಪ್ರಶ್ನೆ: ಅದು ಪಾಪ ಅಂತ ನೀವು ನಂಬುತ್ತೀರಾ?

ಇಲ್ಲಿ ಟಿಮ್ ಫ್ಯಾರನ್ ನೆನಪಾಗುತ್ತಾರೆ. ಲಿಬರಲ್ ಡೆಮೊಕ್ರಾಟ್ ಪಕ್ಷದ ನಾಯಕರಾಗಿದ್ದವರು, ನಿಷ್ಠೆಯ ಕ್ರೈಸ್ತರು. 2017ರ ಚುನಾವಣೆಯ ಹೊತ್ತಿಗೆ ಪತ್ರಕರ್ತರು ಅವರಿಗೆ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಫ್ಯಾರನ್ ಮೊದಲು ನುಣುಚಿಕೊಂಡರು. ಕೊನೆಗೆ ಪಾಪ ಅಲ್ಲ ಅಂದರು. ಜೂನ್‌ನಲ್ಲಿ ನಾಯಕತ್ವ ಬಿಟ್ಟರು. 2018ರ ಜನವರಿಯಲ್ಲಿ, ಹಾಗೆ ಹೇಳಿದ್ದಕ್ಕೆ ವಿಷಾದ ಇದೆ ಅಂದರು. ಸ್ಕಾಟ್ಲೆಂಡಿನ ಕೇಟ್ ಫೋರ್ಬ್ಸ್ 2023ರಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿನ ಎಸ್‌ಎನ್‌ಪಿ ಪಕ್ಷದ ನಾಯಕತ್ವಕ್ಕೆ ನಿಂತಿದ್ದಾಗ, ನಾನು ಆಗ ಶಾಸಕಿ ಆಗಿದ್ದರೆ ಸಲಿಂಗ ಮದುವೆ ಕಾನೂನಿಗೆ ಮತ ಹಾಕುತ್ತಿರಲಿಲ್ಲ, ಆದರೆ ಈಗಿರುವ ಹಕ್ಕನ್ನು ಕಿತ್ತುಕೊಳ್ಳುವುದೂ ಇಲ್ಲ ಅಂತ ನೇರವಾಗಿ ಹೇಳಿದರು. ಬೆಂಬಲಿಸಿದ್ದ ಕೆಲವರು ಒಂದೇ ದಿನದಲ್ಲಿ ದೂರ ಸರಿದರು. ಹಾಗಿದ್ದರೂ ಸುಮಾರು 48% ಮತ ಬಂತು. ಸೋತರು. 2024ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರದಲ್ಲಿ ಎರಡನೇ ಸ್ಥಾನಕ್ಕೆ ಬಂದರು.

ನಾವು ರಾಜಕಾರಣಿಗಳಲ್ಲ, ಸರಿ. ಆದರೆ ಪ್ರಶ್ನೆ ಅದೇ, ಕೋಣೆ ಚಿಕ್ಕದು ಅಷ್ಟೇ. ನಂಬದ್ದನ್ನು ನಂಬುತ್ತೇನೆ ಅಂತಲೋ, ನಂಬಿದ್ದನ್ನು ಇಲ್ಲ ಅಂತಲೋ ಹೇಳಬೇಡಿ. ಆ ಹುಡುಗಿ ಕಳಿಸಿದ್ದ ಆ ಮೇಲ್ ಬಗ್ಗೆ ನಾವು ಮೊದಲೇ ಹೇಳಿಬಿಟ್ಟೆವು: ಹೆದರಿ ಬರೆದದ್ದು, ಅದು ನಿಜವಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮೂರು ಜನ ಎದುರಿಗೆ ಕೂತಿದ್ದರು. ಅವಳ ಕೈ ಮೇಜಿನ ಕೆಳಗೆ ನಡುಗುತ್ತಿತ್ತು. ಆಮೇಲೆ ನಿಧಾನವಾಗಿ ಹೇಳಿದಳು. ನನ್ನ ಚರ್ಚು ಹೀಗೆ ಕಲಿಸುತ್ತದೆ, ನಾನೂ ನಂಬುತ್ತೇನೆ. ಅದು ನನ್ನ ಬದುಕಿಗೆ ನಾನು ಇಟ್ಟುಕೊಂಡ ನಿಯಮ. ಕೆಲಸದಲ್ಲಿ ಎಲ್ಲರನ್ನೂ ಒಂದೇ ತರಹ ನೋಡಿದ್ದೇನೆ. ಕೆಲಸದ ಜಾಗದ ಫೋಟೋ ಹಾಕಿದ್ದು ನನ್ನ ತಪ್ಪು. ನನ್ನ ಮಾತು ಓದಿ ಅವನಿಗೆ ನೋವಾಗಿದೆ, ಅದು ನನಗೂ ನೋವು.

"ಒಂದೇ ತರಹ ನೋಡಿದ್ದೀರಿ ಅನ್ನುವುದಕ್ಕೆ ಏನಾದರೂ ಇದೆಯಾ?" ಅಂತ ಕೇಳಿದರು.

ಇದ್ದದ್ದು ಒಂದು ಫೋಟೋ ಫ್ರೇಮು. ಅವಳು ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕರ ಕೋಣೆಯಲ್ಲಿ ಅವರ ಸಂಗಾತಿಯ ಫೋಟೋ ಇತ್ತು. ಸಂಗಾತಿ ಗಂಡಸು, ತೀರಿಹೋಗಿದ್ದರು. ಫೋಟೋ ಎತ್ತರದ ಕಪಾಟಿನ ಮೇಲಿತ್ತು, ಮಲಗಿದ್ದವರಿಗೆ ಕಾಣುತ್ತಿರಲಿಲ್ಲ. ಇವಳು ಅದನ್ನು ಹಾಸಿಗೆಯ ಪಕ್ಕದ ಮೇಜಿಗೆ ತಂದಿಟ್ಟಿದ್ದಳು. ದಿನಾ ಬೆಳಿಗ್ಗೆ ಗಾಜು ಒರೆಸುತ್ತಿದ್ದಳು. ಕೇರ್ ನೋಟ್ಸಿನಲ್ಲಿ ಒಂದು ಸಾಲು ಬರೆದಿದ್ದಳು: ಫೋಟೋ ಎಡಗಡೆ ಇಡಬೇಕು, ಅವರು ಎಡಕ್ಕೆ ಹೊರಳಿ ಮಲಗುತ್ತಾರೆ.

ಇಂಥ ಸಾಲುಗಳು ನಿಮ್ಮ ಕೆಲಸದಲ್ಲೂ ಇರುತ್ತವೆ. ಹುಡುಕಿ ನೆನಪು ಮಾಡಿಕೊಳ್ಳಿ. ಆದರೆ ರೋಗಿಗಳ, ನಿವಾಸಿಗಳ ನೋಟ್ಸನ್ನು ಫೋಟೋ ತೆಗೆದುಕೊಂಡು ಮನೆಗೆ ತರಬೇಡಿ. ಅದು ಇನ್ನೊಂದು ಅಪರಾಧ ಆಗುತ್ತದೆ. ಇಂಥ ತಿಂಗಳಿನ ನೋಟ್ಸ್ ನೀವೇ ತೆಗೆದು ನೋಡಿ ಅಂತ ಲಿಖಿತವಾಗಿ ಕೇಳಿ. ನಾವು ಹಾಗೇ ಕೇಳಿದ್ದೆವು. ಅವರು ತೆಗೆದು ನೋಡಿದರು.

ವಿಚಾರಣೆ ಮಾಡುವವರ ಮುಂದೆ ನಾನು ಹಿಗ್ಸ್ ಕೇಸಿನಲ್ಲಿ ಬಂದ ಪ್ರಶ್ನೆಗಳನ್ನೇ ಇಟ್ಟೆ. ಏನು ಹೇಳಿದಳು, ಯಾವ ಧಾಟಿಯಲ್ಲಿ? ಯಾರಿಗೆ ಕೇಳಿಸಿತು? ಇದು ತನ್ನ ಸ್ವಂತ ಅಭಿಪ್ರಾಯ ಅಂತ ಗೊತ್ತಾಗುತ್ತಿತ್ತಾ, ಸಂಸ್ಥೆಯ ಹೆಸರಲ್ಲಿ ಹೇಳಿದ ಹಾಗಿತ್ತಾ? ಬೇರೆಯವರ ಹಕ್ಕಿಗೆ ಎಷ್ಟು ಧಕ್ಕೆ? ಇದಕ್ಕಿಂತ ಚಿಕ್ಕ ಕ್ರಮ ಸಾಕಾಗುವುದಿಲ್ಲವಾ? ನೀವು ಕೂಡ ಇದೇ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದುಕೊಂಡು ಹೋಗಿ. ನಮ್ಮ ಕೇಸಿನಲ್ಲಿ ಸ್ವಂತ ಅಭಿಪ್ರಾಯವಾ, ಸಂಸ್ಥೆಯ ಹೆಸರಲ್ಲಾ ಅನ್ನುವ ಪ್ರಶ್ನೆಗೆ ಉತ್ತರ ದುರ್ಬಲ ಇತ್ತು. ಆ ಬಾಗಿಲು, ಆ ಬಾವುಟ ನೋಡಿದರೆ ಯಾವ ಕೇರ್ ಹೋಮು ಅಂತ ಗೊತ್ತಾಗುತ್ತಿತ್ತು.

ನಮ್ಮವರ ಒತ್ತಡ

ಹೊರಗಿನವರ ಒತ್ತಡದ ಬಗ್ಗೆ ಎಲ್ಲರೂ ಹೇಳುತ್ತಾರೆ. ನಮ್ಮವರದ್ದೂ ಕಡಿಮೆ ಇಲ್ಲ. ಎರಡನೇ ವಾರಕ್ಕೆ ಅವಳ ಫೋನಿಗೆ ದಿನಕ್ಕೆ ಮೂವತ್ತು ಮೆಸೇಜ್. ನೀನು ವಿಶ್ವಾಸಕ್ಕೆ ಸಾಕ್ಷಿ, ಟಿವಿಗೆ ಹೋಗು, ಎಲ್ಲರಿಗೂ ಗೊತ್ತಾಗಲಿ. ಇನ್ನು ಕೆಲವರು, ಮನೆ ಮಠ ಬಿಟ್ಟು ದುಡಿಯಲು ಬಂದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ. ಎರಡು ಕಡೆಯವರಿಗೂ ಅವಳ ಬಾಡಿಗೆ ಕಟ್ಟುವ ಹೊಣೆ ಇರಲಿಲ್ಲ.

ಟಿವಿಗೆ ಹೋಗುವ ಮುಂಚೆ ರಿಚರ್ಡ್ ಪೇಜ್ ಅವರ ಕೇಸು ಓದಿ. ದತ್ತು ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಇದ್ದರೆ ಒಳ್ಳೆಯದು ಅಂತ ನಂಬಿದ್ದ ಮ್ಯಾಜಿಸ್ಟ್ರೇಟ್, ಆರೋಗ್ಯ ಸೇವೆಯ ಒಂದು ಟ್ರಸ್ಟಿನ ನಿರ್ದೇಶಕರೂ ಹೌದು. ಮಾಧ್ಯಮಗಳಿಗೆ ಹೇಳುತ್ತಾ ಹೋದರು. ಎರಡೂ ಸ್ಥಾನ ಹೋಯಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಅವರು ನಂಬಿದ್ದಕ್ಕಿಂತ ಹೇಳಿದ ರೀತಿ, ಹೇಳಿದ ಜಾಗ ಅವರಿಗೆ ಮುಳುವಾಯಿತು.

ಇಂಥ ಕೇಸುಗಳನ್ನು ಉಚಿತವಾಗಿ ನಡೆಸಿಕೊಡುವ ಸಂಸ್ಥೆಗಳಿವೆ. ಅವರಿಂದ ಗೆದ್ದವರೂ ಇದ್ದಾರೆ. ಹೋಗಿ, ಆದರೆ ಎರಡು ಪ್ರಶ್ನೆ ಕೇಳಿ. ಪತ್ರಿಕೆಗೆ ಹೇಳುವುದೋ ಬೇಡವೋ ಅನ್ನುವುದು ಯಾರ ನಿರ್ಧಾರ? ನಾನು ನಡುವೆ ರಾಜಿಗೆ ಒಪ್ಪಿದರೆ ನೀವು ಜೊತೆಗಿರುತ್ತೀರಾ? ಉತ್ತರ ಬರೆದುಕೊಡಲಿ. ಹೆಸರು ಒಮ್ಮೆ ಪತ್ರಿಕೆಯಲ್ಲಿ ಬಂದರೆ ಮುಂದಿನ ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಅದೇ ಮೊದಲು ಕಾಣುತ್ತದೆ.

ಅವಳಿಗೆ ನಾನು ಹೇಳಿದ್ದು ಇಷ್ಟೇ. ಒಬ್ಬರ ಹತ್ತಿರ ಮಾತ್ರ ಎಲ್ಲವನ್ನೂ ಹೇಳಿಕೊ. ಗ್ರೂಪುಗಳನ್ನು ಮ್ಯೂಟ್ ಮಾಡು. ಮಕ್ಕಳಿಗೆ ಅಮ್ಮನಿಗೆ ರಜೆ ಅಂತ ಸುಳ್ಳು ಹೇಳಬೇಡ, ಕೆಲಸದಲ್ಲಿ ಒಂದು ಜಗಳ ಆಗಿದೆ, ಮಾತಾಡಿ ಸರಿ ಮಾಡುತ್ತಿದ್ದೇವೆ ಅಂತ ಹೇಳು. ನಿದ್ದೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗು, ಅದೂ ರೆಕಾರ್ಡಿನಲ್ಲಿರಲಿ.

ವಾಪಸ್ ಹೋದ ದಿನ

ಏಳು ವಾರ ಆದ ಮೇಲೆ ಪತ್ರ ಬಂತು. ಕೆಲಸದ ಜಾಗದ ಫೋಟೋ ಹಾಕಿದ್ದಕ್ಕೆ ಲಿಖಿತ ಎಚ್ಚರಿಕೆ. ಮಾತಿಗೆ ಯಾವ ಕ್ರಮವೂ ಇಲ್ಲ. ಹೊಸ ಅನುವಾದವನ್ನು ಫೈಲಿಗೆ ಸೇರಿಸಿದ್ದರು, ಹಳೆಯದರ ಮೇಲೆ ತಪ್ಪು ಅಂತ ಬರೆಸಿದ್ದೆವು. ನಿಮ್ಮ ಕೇಸಿನಲ್ಲೂ ಇದನ್ನು ಕೇಳಿ ಬರೆಸಿ. ಇಲ್ಲದಿದ್ದರೆ ಮುಂದೆ ಫೈಲ್ ತೆರೆದವರು ಹಳೆಯದನ್ನೇ ಓದುತ್ತಾರೆ. ಎಚ್ಚರಿಕೆ ಎಷ್ಟು ತಿಂಗಳು ಜಾರಿಯಲ್ಲಿರುತ್ತದೆ ಅಂತಲೂ ಪತ್ರದಲ್ಲೇ ಇರಲಿ. ಒಪ್ಪಿಗೆ ಇಲ್ಲದಿದ್ದರೆ ಅಪೀಲಿಗೆ ಕೆಲವೇ ದಿನ ಕೊಟ್ಟಿರುತ್ತಾರೆ, ಅದನ್ನು ನೋಡಿ. ಅವಳು ಅಪೀಲು ಮಾಡಲಿಲ್ಲ. ಫೋಟೋ ಹಾಕಿದ್ದು ತಪ್ಪೇ ಅಂದಳು.

ವಾಪಸ್ ಹೋಗುವ ಮುಂಚೆ ಮ್ಯಾನೇಜರ್ ಜೊತೆ ಒಂದು ಭೇಟಿ ಕೇಳಿ. ದೂರು ಕೊಟ್ಟವರ ಜೊತೆ ಒಂದೇ ಪಾಳಿ ಬೀಳುತ್ತದಾ, ಯಾರಿಗೆ ಏನು ಹೇಳಲಾಗಿದೆ ಅಂತ ತಿಳಿದುಕೊಳ್ಳಿ. ಇಬ್ಬರೂ ಒಪ್ಪಿದರೆ ಮೂರನೆಯವರ ಮುಂದೆ ಕೂತು ಮಾತಾಡಬಹುದು. ಒತ್ತಾಯ ಬೇಡ. ಅವಳ ಕೇಸಿನಲ್ಲಿ ದೂರು ಕೊಟ್ಟವನು ಬೇಡ ಅಂದಿದ್ದ.

ಮೊದಲ ದಿನವೇ ಇಬ್ಬರಿಗೂ ಒಂದೇ ರಾತ್ರಿ ಪಾಳಿ ಬಿತ್ತು. ಬೆಳಿಗ್ಗೆ ಬಸ್ಸಿನಿಂದ ನನಗೆ ಫೋನ್ ಮಾಡಿದಳು. ಮೊದಲ ಎರಡು ಗಂಟೆ ಇಬ್ಬರೂ ಮಾತಾಡಲಿಲ್ಲವಂತೆ. ಆಮೇಲೆ ಅವನೇ ಹೇಳಿದನಂತೆ, ಹೊಸ ಅನುವಾದ ಓದಿದೆ, ಅದೂ ನನಗೆ ಇಷ್ಟವಾಗಲಿಲ್ಲ. ಇವಳು, ಗೊತ್ತು ಅಂದಳಂತೆ. ಸ್ವಲ್ಪ ಹೊತ್ತು ಬಿಟ್ಟು ಅವನು ರಾತ್ರಿಯ ಪಟ್ಟಿ ತೆಗೆದು, 1ರಿಂದ 8 ನೀನು ನೋಡು, 9ರಿಂದ 16 ನಾನು ನೋಡುತ್ತೇನೆ ಅಂದನಂತೆ. ಫೋಟೋ ಇರುವ ಮುದುಕರ ಕೋಣೆ 6.